ರೋಗಿಯ ಗುಟ್ಟು, ಗುರುವಿನ ಪಾಠ

ಮನಶ್ಶಾಸ್ತ್ರವನ್ನು ಬರಿಯ ಸೂತ್ರಗಳಿಂದ ಬೋಧಿಸಲಾಗದೆಂಬುದು ಎಲ್ಲರೂ ಒಪ್ಪತಕ್ಕ ಮಾತು. ನಿಜವಾದ ರೋಗಿಯ ವೃತ್ತಾಂತವನ್ನು ಕೇಳಿದಾಗಲೇ ವಿದ್ಯಾರ್ಥಿಗೆ ರೋಗದ ಸ್ವರೂಪವು ಮನದಟ್ಟಾಗುವುದು. ಈ ವಿದ್ಯೆಗೆ ನಮ್ಮ ಬೆಂಗಳೂರು ದೇಶದಲ್ಲೇ ಹೆಸರಾದ ಸ್ಥಳ. 1954ರಲ್ಲಿ ಇಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು 1974ರಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೊಡನೆ ಕೂಡಿ ನಿಮ್ಹಾನ್ಸ್ ಆಯಿತು. ಆದುದರಿಂದಲೇ ಇಲ್ಲಿಯ ಅಧ್ಯಾಪಕ ಮಹಾಶಯರ ಮುಂದೆ ಒಂದು ಪ್ರಶ್ನೆಯನ್ನಿಡುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ. ರೋಗಿಯು ನಂಬಿ ಆಡಿದ ಮಾತು ತರಗತಿಯ ಸೊತ್ತಾಗುವುದು ಯಾವ ಹಕ್ಕಿನಿಂದ?

ಹೆಸರನ್ನು ಮರೆಮಾಡಿದ್ದೇವಲ್ಲ ಎಂಬುದು ಸಿದ್ಧವಾದ ಉತ್ತರ. ಅದು ಸಾಲದು. ಮತ್ತಿಕೆರೆಯ ಶಾಲೆಯೊಂದರ ಉಪಾಧ್ಯಾಯಿನಿ, ವಿಧವೆ, ಮದುವೆಗೆ ಬಂದ ಒಬ್ಬಳೇ ಮಗಳು ಎಂದು ಅಧ್ಯಾಪಕರು ಹೇಳಿದರೆನ್ನಿ. ಮತ್ತೆ ಹೆಸರು ಏತಕ್ಕೆ? ಅದೇ ಬೀದಿಯ ಹುಡುಗನೊಬ್ಬನು ತರಗತಿಯಲ್ಲಿದ್ದರೆ ಸಂಜೆಯೊಳಗೆ ಸುದ್ದಿಯು ಮನೆಯಿಂದ ಮನೆಗೆ ಹಬ್ಬೀತು. ತಾಯಿಯ ಉದ್ಯೋಗಕ್ಕೂ ಮಗಳ ಸಂಬಂಧಕ್ಕೂ ಕುತ್ತು ಬಂದರೆ ಹೊಣೆ ಯಾರದು?

ಮರೆಹೆಸರು ಎಷ್ಟು ತೆಳುವಾದ ಪರದೆಯೆಂಬುದಕ್ಕೆ ಈ ಶಾಸ್ತ್ರದ ಚರಿತ್ರೆಯೇ ಸಾಕ್ಷಿ. 1895ರಲ್ಲಿ ವಿಯೆನ್ನದ ಬ್ರಾಯರ್ ಮತ್ತು ಫ್ರಾಯ್ಡರು ಅನ್ನಾ ಓ ಎಂಬ ಹೆಸರಿನಲ್ಲಿ ಓರ್ವ ತರುಣಿಯ ವೃತ್ತಾಂತವನ್ನು ಪ್ರಕಟಿಸಿದರು. 1953ರಲ್ಲಿ ಫ್ರಾಯ್ಡರ ಚರಿತ್ರಕಾರ ಅರ್ನೆಸ್ಟ್ ಜೋನ್ಸರು ಆಕೆ ಬರ್ತಾ ಪಾಪೆನ್‌ಹೈಮ್ ಎಂದು ಬಯಲುಮಾಡಿದರು. ಅನಾಥ ಬಾಲಿಕೆಯರ ಪೋಷಣೆಗೂ ಸ್ತ್ರೀಯರ ಏಳಿಗೆಗೂ ದುಡಿದ ಮಹಿಳೆ ಆಕೆ. ಆ ಸೇವೆ ಹಿಂದಾಯಿತು, ರೋಗವು ಮುಂದಾಯಿತು. ಬೇಡವೆನ್ನಲು ಆಕೆ ಬದುಕಿರಲಿಲ್ಲ, 1936ರಲ್ಲಿಯೇ ಗತಿಸಿದ್ದರು.

2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯು ರೋಗಿಗೆ ಗೋಪ್ಯತೆಯ ಹಕ್ಕನ್ನು ಕೊಟ್ಟಿದೆಯಷ್ಟೆ. ಆದರೆ ಕಾಯಿದೆಯು ಪ್ರತಿಯೊಂದು ತರಗತಿಯ ಬಾಗಿಲಲ್ಲಿಯೂ ಕಾವಲು ನಿಲ್ಲಲಾರದು. ಅಲ್ಲಿ ಕಾಯತಕ್ಕುದು ಗುರುವಿನ ಅಂತಃಕರಣ.

ವಿವರಗಳನ್ನು ಬದಲಿಸಿದರೆ ಸತ್ಯಕ್ಕೆ ಊನವಾಗುವುದೆಂದು ಕೆಲವರು ಆಕ್ಷೇಪಿಸಬಹುದು. ರೋಗವನ್ನು ತಿಳಿಯಲು ಬೇಕಿಲ್ಲದ ಊರು, ವೃತ್ತಿ, ಬಂಧುಬಳಗಗಳನ್ನು ಬದಲಿಸಿ, ಹಾಗೆ ಬದಲಿಸಿದ್ದೇವೆಂದು ವಿದ್ಯಾರ್ಥಿಗಳಿಗೆ ತಿಳಿಸಿದರೆ ಸತ್ಯಕ್ಕೇನೂ ಊನವಿಲ್ಲ. ಬದಲಿಸಲಾಗದ ವಿವರವಿದ್ದಲ್ಲಿ ರೋಗಿಯ ಒಪ್ಪಿಗೆಯನ್ನು ಕೇಳಬೇಕು. ಅದೂ ಆತನು ಚೇತರಿಸಿಕೊಂಡ ಮೇಲೆ, ಒಲ್ಲೆನೆಂದರೆ ಚಿಕಿತ್ಸೆಗೆ ಕೊರತೆಯಾದೀತೆಂಬ ಭಯವಿಲ್ಲದಂತೆ. ಒಲ್ಲೆನೆಂದಲ್ಲಿ ಆ ವೃತ್ತಾಂತವನ್ನು ಬಿಡತಕ್ಕದ್ದು.

ಪಾಠಕ್ಕೆ ನಿಲ್ಲುವ ಮುನ್ನ ಅಧ್ಯಾಪಕರು ತಮ್ಮನ್ನೇ ಕೇಳಿಕೊಳ್ಳಲಿ: ಆ ರೋಗಿಯು ಕೊನೆಯ ಬೆಂಚಿನಲ್ಲಿ ಕುಳಿತು ಇದನ್ನೆಲ್ಲ ಕೇಳಿದರೆ, ತಲೆ ತಗ್ಗಿಸದೆ ಎದ್ದುಹೋಗಬಲ್ಲನೆ? ಹೌದೆಂದು ಹೇಳಲಾಗದಿದ್ದರೆ ಆ ಪಾಠವು ಬೇಡ.