ಸೊನ್ನೆ ಎಂದರೆ ಜ್ವರವಿಲ್ಲ ಎಂದಲ್ಲ

ನಾನು ನೋಡಿಕೊಳ್ಳುವ ಸರ್ವರ್ ಐದು ನಿಮಿಷ ಸುಮ್ಮನಾದರೆ ನಡುರಾತ್ರಿಯಲ್ಲೂ ನನ್ನ ಫೋನ್ ಬಡಿದುಕೊಳ್ಳುತ್ತದೆ. ನಮ್ಮ ಕೆಲಸದಲ್ಲಿ ಮೌನವನ್ನು ಯಾರೂ ಆರೋಗ್ಯ ಎಂದು ಓದುವುದಿಲ್ಲ.

ಪುಣೆಯ ಬಾಡಿಗೆ ತಾಳಲಾರದೆ ಭೋರ್‌ಗೆ ಬಂದು ಮೂರು ವರ್ಷವಾಯಿತು. ಕೆಳಗಿನ ಮನೆಯಲ್ಲಿ ಬೀದರ್ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಎಂಪಿಎಚ್ ಮುಗಿಸಿ ರೋಗ ಕಣ್ಗಾವಲಿನ ಕೆಲಸಕ್ಕೆ ಸೇರಿದವಳು, ಮೊದಲ ನೌಕರಿ. ಹಳ್ಳಿಗಳಿಂದ ಬರುವ ಜ್ವರ, ವಾಂತಿಭೇದಿಯ ಲೆಕ್ಕ ನೋಡಬೇಕು, ಎಲ್ಲಾದರೂ ಏರಿದರೆ ಹೋಗಿ ವಿಚಾರಿಸಬೇಕು. 2004ರಲ್ಲಿ ಕೇಂದ್ರ ಸರ್ಕಾರ ಕಣ್ಗಾವಲು ಯೋಜನೆ ಆರಂಭಿಸಿದಾಗ ಇದೆಲ್ಲ ವಾರಕ್ಕೊಮ್ಮೆ ಕಾಗದದಲ್ಲಿ ಹೋಗುತ್ತಿತ್ತು. 2021ರ ಏಪ್ರಿಲ್‌ನಲ್ಲಿ ಹೊಸ ಪೋರ್ಟಲ್ ಬಂತು. ಈಗ ಆರೋಗ್ಯ ಕಾರ್ಯಕರ್ತೆ ಮೊಬೈಲಿನಲ್ಲೇ ತುಂಬುತ್ತಾಳೆ.

‘ಏರಿದಾಗ ಅಲರ್ಟ್ ಬಂದರೆ ಸಾಕಲ್ಲ, ನೀನೇಕೆ ಓಡಾಡುತ್ತೀಯ?’ ಎಂದೆ. ಎಂಜಿನಿಯರ್ ಬುದ್ಧಿ. ಅವಳು ಲ್ಯಾಪ್‌ಟಾಪ್ ನನ್ನತ್ತ ತಿರುಗಿಸಿದಳು. ಘಟ್ಟದ ಕಡೆಯ ಒಂದು ಉಪಕೇಂದ್ರ, ಮಳೆಗಾಲದ ಮೂರು ವಾರ: ಸೊನ್ನೆ, ಸೊನ್ನೆ, ಸೊನ್ನೆ. ಅಲರ್ಟ್ ಎಲ್ಲಿಂದ ಬರಬೇಕು? ಅನುಮಾನ ಬಂದು ಸ್ಕೂಟರ್ ಹತ್ತಿ ಹೋದರೆ ಮನೆಮನೆಯಲ್ಲೂ ‘ತಾಪ್’. ಮರಾಠಿಯಲ್ಲಿ ಜ್ವರಕ್ಕೆ ಹಾಗೇ ಅನ್ನುವುದು. ಜನ ಪೇಟೆಗೆ ಬಂದಾಗ ಖಾಸಗಿ ವೈದ್ಯರ ಬಳಿ ಸೂಜಿ ಹಾಕಿಸಿಕೊಂಡು ಹೋಗಿದ್ದರು. ಇತ್ತ ನರ್ಸ್, ನೆಟ್‌ವರ್ಕ್ ಸಿಕ್ಕ ಎರಡು ನಿಮಿಷದಲ್ಲಿ ಲೆಕ್ಕ ಬಾಕಿ ಉಳಿಯಬಾರದೆಂದು ಸೊನ್ನೆ ಒತ್ತಿದ್ದರು. ಅವರನ್ನು ನಾನು ದೂರಲಾರೆ. ಅದು ಸಾಮಾನ್ಯ ವೈರಲ್ ಜ್ವರವೇ ಆಗಿತ್ತು, ಆದರೆ ಹೋಗಿ ನೋಡಿದ ಮೇಲೆ ತಿಳಿದದ್ದು.

ಯಾವಾಗಲೂ ಸಾಮಾನ್ಯವೇ ಆಗಿರುವುದಿಲ್ಲ. ಪಕ್ಕದ ಪುರಂದರ ತಾಲ್ಲೂಕಿನ ಬೇಲ್ಸರ್‌ನಲ್ಲಿ 2021ರ ಜುಲೈನಲ್ಲಿ ಜ್ವರ ಹೆಚ್ಚಿತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ತಂಡ ಊರಿಗೇ ಹೋಗಿ 41 ಜನರ ರಕ್ತದ ಮಾದರಿ ತಂದಿತು. 25 ಚಿಕೂನ್‌ಗುನ್ಯಾ, 3 ಡೆಂಗಿ, ಒಂದು ಜೀಕಾ. ಮಹಾರಾಷ್ಟ್ರದ ಮೊದಲ ಜೀಕಾ ಪ್ರಕರಣ ಅದು. ಇದೇ ಸಂಸ್ಥೆ ವೈರಸ್ ಸಂಶೋಧನಾ ಕೇಂದ್ರ ಎನಿಸಿಕೊಂಡಿದ್ದ ಕಾಲದಲ್ಲಿ, 1957ರಲ್ಲಿ, ನಮ್ಮ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಮಂಗನ ಕಾಯಿಲೆಯ ವೈರಸ್ಸನ್ನು ಪತ್ತೆ ಹಚ್ಚಿತ್ತು. ಕಾಡಿನಲ್ಲಿ ಮಂಗಗಳು ಸತ್ತು ಬಿದ್ದದ್ದನ್ನು ಯಾರೋ ಗಮನಿಸಿ ಹೇಳಿದ್ದರಿಂದ ಆದದ್ದು. ನಾನು ಸಾಗರದವನು, ಸತ್ತ ಮಂಗ ಕಂಡರೆ ಹೇಳಬೇಕೆಂಬುದನ್ನು ಕೇಳಿಕೊಂಡೇ ಬೆಳೆದೆ.

ಪೋರ್ಟಲ್ ಬೇಡ ಎನ್ನುತ್ತಿಲ್ಲ, ನನ್ನ ಅನ್ನವೇ ಅದು. ಆದರೆ ಯಾವ ಸೊನ್ನೆಯನ್ನು ನಂಬಬೇಕು, ಯಾವುದನ್ನು ಬಾರದು ಎಂಬುದು ತಾಲ್ಲೂಕಿನ ಪರಿಚಯದಿಂದ ಬರುತ್ತದೆ. ಅದಕ್ಕೆ ಒಂದೆರಡು ಮಳೆಗಾಲವಾದರೂ ಬೇಕು. ಈ ಹುಡುಗಿಯ ಗುತ್ತಿಗೆ ಇರುವುದು ಹನ್ನೊಂದು ತಿಂಗಳು. ಸಾಫ್ಟ್‌ವೇರ್‌ಗೆ ವರ್ಷಗಟ್ಟಲೆ ನಿರ್ವಹಣಾ ಒಪ್ಪಂದ ಮಾಡಿಕೊಳ್ಳುವವರು ಮನುಷ್ಯರಿಗೇಕೆ ಜಿಪುಣರಾಗಬೇಕು?

ಅವಳ ಬಳಿ ಒಂದು ನೋಟ್‌ಬುಕ್ ಇದೆ. ಯಾವ ಊರಿನಲ್ಲಿ ಯಾವ ದಿಬ್ಬ ಹತ್ತಿದರೆ ನೆಟ್‌ವರ್ಕ್ ಸಿಗುತ್ತದೆ, ಯಾವ ಔಷಧಿ ಅಂಗಡಿಯವ ನಿಜ ಹೇಳುತ್ತಾನೆ, ಯಾರಿಗೆ ಸಂಜೆಯೇ ಫೋನ್ ಮಾಡಬೇಕು, ಎಲ್ಲ ಅದರಲ್ಲಿದೆ. ಮುಂದಿನ ತಿಂಗಳು ಗುತ್ತಿಗೆ ಮುಗಿಯುತ್ತದೆ. ಅದನ್ನು ಯಾರ ಕೈಗೆ ಕೊಡಬೇಕೆಂದು ಇನ್ನೂ ಯಾರೂ ಹೇಳಿಲ್ಲವಂತೆ.