ಕಬಡ್ಡಿ ಅಂಗಳದಿಂದ ರಗ್ಬಿ ಮೈದಾನಕ್ಕೆ

ಲೋಕಿಕೆರೆಯಲ್ಲಿ ಕಬಡ್ಡಿ ಆಡಿ ಬೆಳೆದ ಹುಡುಗಿಯೊಬ್ಬಳು ಬ್ರಿಟನ್ನಿಗೆ ಓದಲು ಹೋಗಿ, 'ರಗ್ಬಿ ತಂಡ ಸೇರಲೇ?' ಎಂದು ಕೇಳಿದರೆ ಹೆತ್ತವರ ಎದೆ ಝಲ್ಲೆನ್ನುವುದು ಸಹಜ. ಅಲ್ಲಿನ ಹಲವು ವಿಶ್ವವಿದ್ಯಾಲಯಗಳ ಮಹಿಳಾ ತಂಡಗಳು ಆಟವನ್ನೇ ಅರಿಯದ ಹೊಸಬರಿಗೂ ಕಲಿಸುತ್ತವೆ. ಮಹಿಳೆಯರ ಮೊದಲ ವಿಶ್ವಕಪ್ 1991ರಲ್ಲೇ ನಡೆಯಿತು. ಭಾರತದ ವನಿತೆಯರು 15 ಮಂದಿಯ ಅಂತರರಾಷ್ಟ್ರೀಯ ಪಂದ್ಯಕ್ಕೆ ಇಳಿದದ್ದು 2018ರಲ್ಲಿ.

ಮೊಣಕಾಲು ಬಗ್ಗಿಸಿ ಗುರುತ್ವಕೇಂದ್ರವನ್ನು ತಗ್ಗಿಸಿಕೊಂಡವಳು ಸುಲಭವಾಗಿ ಉರುಳುವುದಿಲ್ಲ. ಎದುರಾಳಿಯ ತೊಡೆಗಳನ್ನು ತೋಳುಗಳಿಂದ ಬಳಸಿ ಹಿಡಿದರೆ ಬಲಶಾಲಿಯೂ ಬೀಳುತ್ತಾಳೆ. ಕಬಡ್ಡಿ ಆಡಿದವಳಿಗೆ ಇದು ಹೊಸತಲ್ಲ.

ಅಪಾಯ ಇರುವುದು ತಲೆಯ ಪೆಟ್ಟಿನಲ್ಲಿ. ಮಂಕು ಕವಿದರೆ, ವಾಂತಿ ಬಂದರೆ ಕೂಡಲೇ ಆಟ ನಿಲ್ಲಿಸಬೇಕು. ವೈದ್ಯರು ಒಪ್ಪುವವರೆಗೂ ಮೈದಾನಕ್ಕೆ ಇಳಿಯಬಾರದು. ಪಾಲಕರು ಗದರಿದರೆ ಮಗಳು ಆಟವನ್ನು ಬಿಡದೆ ಪೆಟ್ಟನ್ನು ಮುಚ್ಚಿಟ್ಟಾಳು. ಹೇಳಿಕೊಂಡ ಪೆಟ್ಟಿಗಿಂತ ಮುಚ್ಚಿಟ್ಟ ಪೆಟ್ಟೇ ಅಪಾಯಕಾರಿ.