ರಾಯಚೂರಿನ ಕೋಟೆಯೂ ಅಕ್ಕಸಾಲಿಗನ ಮಗಳೂ

ಕೃಷ್ಣಾ ತುಂಗಭದ್ರೆಗಳ ನಡುವಣ ಸೀಮೆಗಾಗಿ ನಡೆದ ಯುದ್ಧಗಳನ್ನು ಬಾಲಕಿಯರಿಗೆ ಕಲಿಸುವಾಗ ಒಂದು ಕಥೆಯು ಬಹುಮಟ್ಟಿಗೆ ತಪ್ಪದೆ ಬರುವುದು. ಮುದಗಲ್ಲಿನ ಅಕ್ಕಸಾಲಿಗನೊಬ್ಬನ ಮಗಳ ರೂಪವನ್ನು ಕೇಳಿ ಮನಸೋತ ವಿಜಯನಗರದ ದೇವರಾಯನು ದಂಡನ್ನು ಕಳುಹಿಸಿದನೆಂದೂ, ಅದರಿಂದಲೇ 1406ರಲ್ಲಿ ಫಿರೋಜ ಷಹನೊಡನೆ ಯುದ್ಧವಾಯಿತೆಂದೂ ಅದರ ಸಾರಾಂಶ. ಇದನ್ನು ಬರೆದಿಟ್ಟವನು ಫೆರಿಸ್ತನು. ಅದೂ ಸುಮಾರು ಇನ್ನೂರು ವರ್ಷಗಳ ತರುವಾಯ.

ಹೆಣ್ಣಿನ ಚೆಲುವೇ ಯುದ್ಧಕ್ಕೆ ಮೂಲವೆಂಬ ಈ ಬೋಧನೆಯನ್ನು ನಾವು ಒಪ್ಪಲಾರೆವು. 1366ರಲ್ಲಿಯೇ ಬುಕ್ಕರಾಯನು ಮುದಗಲ್ಲನ್ನು ಹಿಡಿದನೆಂದು ಅದೇ ಫೆರಿಸ್ತನು ಹೇಳುವನು. ಆಗ ಯಾವ ಅಕ್ಕಸಾಲಿಗನ ಮಗಳಿದ್ದಳು? ಎರಡು ನದಿಗಳ ನಡುವಣ ಕರಿಯ ಭೂಮಿ, ಅದರ ಕಂದಾಯ, ಗಡಿಯನ್ನು ಕಾಯುವ ದುರ್ಗಗಳು, ಇವುಗಳಿಗಾಗಿಯೇ ಅರಸರು ಹೋರಾಡಿದರು.

ಗಡಿಯ ಚರಿತ್ರೆಯನ್ನು ತಿಳಿಯಬೇಕಾದರೆ ರಾಯಚೂರಿನ ಕೋಟೆಗೆ ಹೋಗತಕ್ಕದ್ದು. ಅದರ ಒಳಗೋಡೆಯ ದೊಡ್ಡ ದೊಡ್ಡ ಕಲ್ಲುಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಹೊಂದಿಸಿರುವರು. ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ, ಕಾಕತೀಯರ ಆಳಿಕೆಯಲ್ಲಿ 1294ರಲ್ಲಿ ಕೋಟೆಯು ಕಟ್ಟಲ್ಪಟ್ಟಿತೆಂಬ ತೆಲುಗು ಶಾಸನವಿದೆ. ಅದಕ್ಕಿಂತಲೂ ನಮಗೆ ಪ್ರಿಯವಾದುದು ಗೋಡೆಯಲ್ಲಿ ಕೊರೆದಿರುವ ಒಂದು ಚಿತ್ರ: ಆ ಕಲ್ಲನ್ನು ಬಂಡಿಯ ಮೇಲೇರಿಸಿ, ಜೋಡಿ ಜೋಡಿಯಾಗಿ ಹೂಡಿದ ಪಶುಗಳಿಂದ ಎಳೆಸುತ್ತಿರುವ ನೋಟ. ದುಡಿದವರನ್ನು ಇಷ್ಟಾದರೂ ನೆನೆದ ಕೋಟೆಗಳು ವಿರಳ.

1520ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲ್ ಷಹನನ್ನು ಸೋಲಿಸಿ ಈ ಕೋಟೆಯನ್ನು ಗೆದ್ದನು. ಗೋಡೆಯಿಂದ ಕಿತ್ತು ತಂದ ಕಲ್ಲಿಗೆ ಅದರ ಗಾತ್ರವನ್ನು ನೋಡಿ ನಾಯಕರು ಹಣವನ್ನು ಕೊಡುತ್ತಿದ್ದರೆಂದು ಪೋರ್ಚುಗೀಸರ ನೂನಿಜನು ಬರೆದಿರುವನು. ಕಲ್ಲು ಕೀಳುವವರ ಮೇಲೆ ಕೋಟೆಯವರು ಗುಂಡುಗಳನ್ನೂ ಬಾಣಗಳನ್ನೂ ಸುರಿಸುತ್ತಿರಲು, ಫಿಗೇರೆದೊನ ಬಂದೂಕುಗಾರರು ಕೆಳಗಿನಿಂದ ಹೊಡೆದು ಅವರನ್ನು ಹಿಮ್ಮೆಟ್ಟಿಸಿದರಂತೆ. ಇಣಿಕಿ ನೋಡಿದ ಕೋಟೆಯ ಅಧಿಕಾರಿಯೇ ಹಣೆಗೆ ಗುಂಡು ತಗಲಿ ಸತ್ತನು. ಮರುದಿನ ಊರು ಶರಣಾಯಿತು. ಇಂತಹ ಸಂಗತಿಗಳು ನಮ್ಮ ಹುಡುಗಿಯರಿಗೆ ನೀರಸವಾಗುವವೆಂದು ಯಾರು ಹೇಳಿದರು?

ರಜೆಯಲ್ಲಿ ಮಕ್ಕಳನ್ನು ಹಂಪೆಗೆ ಕರೆದೊಯ್ಯುವ ತಂದೆತಾಯಿಗಳು ಒಂದು ದಿನವನ್ನು ರಾಯಚೂರಿಗೂ ಕೊಡಬೇಕೆಂದು ಬೇಡುವೆವು. ಇನ್ನು ಉಪಾಧ್ಯಾಯಿನಿಯರಾಗಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರು ಅಕ್ಕಸಾಲಿಗನ ಮಗಳ ಕಥೆಯನ್ನು ಹೇಳಲೇಬೇಕಾದರೆ ಪೂರ್ತಿಯಾಗಿ ಹೇಳಲಿ. ತಂದೆತಾಯಿಗಳು ಸಂತೋಷದಿಂದ ಒಪ್ಪಿದ್ದರೂ, ಅರಮನೆಯನ್ನು ಹೊಕ್ಕವಳಿಗೆ ಬಂಧುಗಳ ಮುಖದರ್ಶನವೂ ಇಲ್ಲವೆಂದು ಹೇಳಿ, ರಾಯನು ಕಳುಹಿಸಿದ ಹಾರವನ್ನು ಆ ಹುಡುಗಿಯು ಬೇಡವೆಂದಳು. ಇದೂ ಫೆರಿಸ್ತನಲ್ಲಿಯೇ ಇದೆ.